ತಿರುವಿನಲ್ಲಿ ಬಿದ್ದಿದ್ದ ಚಪ್ಪಲಿ

ಭಾನುವಾರ ಬೆಳಗಾಗುವ ಮೊದಲೇ ನಮ್ಮ ಮನೆಯ ಮುಂದೆ ಸೈಕಲ್ಲುಗಳು ಸುಯ್ಯೆಂದು ಸಾಗುತ್ತವೆ. ದೇವನಹಳ್ಳಿ ದಾಟಿ ನಂದಿಬೆಟ್ಟದ ಕಡೆ ಹೋಗುವ ರಸ್ತೆ ಇದು. ಬೆಂಗಳೂರಿನ ಹುಡುಗ ಹುಡುಗಿಯರು ತಲೆಗೆ ಬುಟ್ಟಿಯಂಥ ಟೋಪಿ ಸಿಕ್ಕಿಸಿಕೊಂಡು, ಸೀಟಿನ ಕೆಳಗೆ ಮಿಣಮಿಣ ಕೆಂಪು ದೀಪ ಹಚ್ಚಿಕೊಂಡು ಹೋಗುತ್ತಾರೆ. ಹೋದ ವಾರ ಅವರಲ್ಲೊಬ್ಬಳು ನಮ್ಮ ಗೇಟಿನ ಮುಂದೆಯೇ ಜಾರಿಬಿದ್ದಳು. ಮೊಣಕಾಲು ತರಚಿತ್ತು, ಅಷ್ಟೆ. ನಾನು ಒಳಗಿನಿಂದ ಹತ್ತಿ, ಟಿಂಚರು ತಂದುಕೊಟ್ಟೆ. ಅವಳು ನಗುನಗುತ್ತಲೇ ಗಾಯ ಒರೆಸಿಕೊಂಡು, ಥ್ಯಾಂಕ್ಸ್ ಆಂಟಿ ಎಂದು ಮತ್ತೆ ಸೈಕಲ್ ಹತ್ತಿ ಹೊರಟೇಹೋದಳು. ನನ್ನ ಬೆರಳಿಗಂಟಿದ್ದ ಟಿಂಚರಿನ ವಾಸನೆ ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಮೂಗಿನಲ್ಲಿ ಕೂತ ವಾಸನೆ ಕೈ ತೊಳೆದರೆ ಹೋಗುತ್ತದೆಯೇ, ನೀವೇ ಹೇಳಿ.

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಮದುವೆಯಾಗಿ ದೇವನಹಳ್ಳಿ ಹತ್ತಿರದ ವಿಜಯಪುರಕ್ಕೆ ಬಂದು ವರ್ಷ ತುಂಬಿರಲಿಲ್ಲ. ಇವರು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮತ್ತೆ. ಬೀದಿಯ ತುಂಬ ರೇಷ್ಮೆ ಬಿಚ್ಚುವ ಮನೆಗಳು. ಬೇಯುವ ಗೂಡಿನ ಕಮಟು ವಾಸನೆಗೆ ಮೊದಲ ತಿಂಗಳು ನನಗೆ ಅನ್ನವೇ ಸೇರಿರಲಿಲ್ಲ. ಆ ವಾಸನೆಗೆ ಹೇಗೋ ಒಗ್ಗಿಕೊಂಡೆ, ಇವರ ಸೈಕಲ್ಲಿಗೆ ಮಾತ್ರ ಒಗ್ಗಲಾಗಲಿಲ್ಲ. ಬೇರೆಯವರು ಕೆಲಸವಿದ್ದರೆ ಸೈಕಲ್ ಹತ್ತುತ್ತಿದ್ದರು, ಇವರು ಕೆಲಸವಿಲ್ಲದಿದ್ದರೆ ಹತ್ತುತ್ತಿದ್ದರು. ರಜೆ ಬಂದರೆ ಬೂದಿಗೆರೆಯವರೆಗೆ ಹೋಗಿಬಂದೆ, ರಾಜಘಟ್ಟದವರೆಗೆ ಹೋಗಿಬಂದೆ ಎನ್ನುವರು. ಅಲ್ಲೇನಿತ್ತು ಎಂದು ಕೇಳಿದರೆ, ಏನಿಲ್ಲ, ದಾರಿ ಚೆನ್ನಾಗಿತ್ತು ಎಂದು ನಗುವರು. ಗಂಡನನ್ನು ದಾರಿಯ ಜೊತೆ ಹಂಚಿಕೊಳ್ಳಬೇಕಾಗುತ್ತದೆಂದು ಹೆಣ್ಣು ನೋಡಲು ಬಂದಾಗ ಯಾರೂ ಹೇಳಿರಲಿಲ್ಲ.

ಆ ವರ್ಷ ದಸರಾ ರಜೆಯಲ್ಲಿ ಅತ್ತೆ ನಂದಿಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹರಕೆ ಒಪ್ಪಿಸಬೇಕೆಂದರು. ರಜೆಯ ದಿನಗಳಲ್ಲಿ ಒಂದು ಬಸ್ಸು ಬೆಟ್ಟದ ಮೇಲಕ್ಕೂ ಹೋಗುತ್ತಿತ್ತು. ನಾನೂ ಅತ್ತೆಯೂ ಬಸ್ಸಿನಲ್ಲಿ, ತಾನು ಸೈಕಲ್ಲಿನಲ್ಲಿ ಎಂದು ಇವರು ತೀರ್ಮಾನಿಸಿಬಿಟ್ಟರು. ಹಿಂದಿನ ಸಂಜೆ ಜಗಲಿಯಲ್ಲಿ ಕೂತು, ಚಪ್ಪಲಿ ಪೆಡಲಿನ ಮೇಲೆ ಜಾರದಿರಲೆಂದು ಹಳೆಯ ಟ್ಯೂಬು ಕತ್ತರಿಸಿ ಹಿಮ್ಮಡಿಗೆ ಪಟ್ಟಿ ಹೊಲಿದರು. ದಬ್ಬಳ ಚುಚ್ಚುವಾಗ ಚಪ್ಪಲಿ ಹಿಡಿದುಕೊಂಡವಳು ನಾನೇ. ಹೊಲಿಗೆ ಸೊಟ್ಟಗಾಯಿತು. ಲೆಕ್ಕ ನೇರವಾಗಿ ಮಾಡುವವರ ಕೈ ಇಷ್ಟು ಸೊಟ್ಟವೇ ಎಂದು ನಾನು ಹಂಗಿಸಿದ್ದೂ ನೆನಪಿದೆ.

ಬೆಟ್ಟದ ಮೇಲೆ ನಾವು ಇಳಿಯುವ ಹೊತ್ತಿಗೆ ಇವರು ಆಗಲೇ ಮರದ ಬುಡದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಅರ್ಧ ದಾರಿ ತುಳಿದು, ಅರ್ಧ ದಾರಿ ತಳ್ಳಿಕೊಂಡು ಬಂದಿದ್ದರಂತೆ. ಮುಖ ಮಾತ್ರ ಏನೋ ಗೆದ್ದವರ ಮುಖ. ಪೂಜೆಯಾಯಿತು, ಪುಳಿಯೋಗರೆ ತಿಂದೆವು. ಮಧ್ಯಾಹ್ನ ಸರಿದಂತೆ ಮೋಡ ಇಳಿದು ತುಂತುರು ಶುರುವಾಯಿತು. ಅತ್ತೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಜೊತೆಯಲ್ಲೇ ಬಾ ಎಂದರು. ಹತ್ತುವ ಕಷ್ಟವನ್ನೆಲ್ಲ ಪಟ್ಟು ಇಳಿಯುವ ಸುಖ ಬಿಟ್ಟುಕೊಡುವುದುಂಟೇ ಎಂದು ಇವರು ಟವೆಲ್ಲನ್ನು ತಲೆಗೆ ಸುತ್ತಿಕೊಂಡರು. ಬೆಟ್ಟದ ಬುಡದಲ್ಲಿ ಕಾದಿರುತ್ತೇನೆ ಎಂದು ಹೇಳಿ ಹೊರಟರು. ಮೊದಲ ತಿರುವಿನಲ್ಲೇ ಮಂಜು ಅವರನ್ನು ನುಂಗಿಹಾಕಿತು.

ಬಸ್ಸು ತಡವಾಗಿ ಹೊರಟಿತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಅತ್ತೆಗೆ ಕಣ್ಣಿನಲ್ಲಿ ಪೊರೆ ಬಂದು ದೂರದ್ದು ಕಾಣುತ್ತಿರಲಿಲ್ಲ, ಜೊತೆಗೆ ಉಬ್ಬಸ. ಪ್ರತಿ ತಿರುವಿಗೂ ನನ್ನ ಮೊಣಕೈ ತಿವಿದು, ಕಂಡನೇನೇ ಎಂದು ಕೇಳುತ್ತಿದ್ದರು. ಇಷ್ಟು ಹೊತ್ತಿಗೆ ಕೆಳಗೆ ತಲುಪಿ ಟೀ ಕುಡಿಯುತ್ತಿರುತ್ತಾರೆ ಎಂದು ನಾನು ಅವರಿಗೆ ಸಮಾಧಾನ ಹೇಳುತ್ತಿದ್ದೆ. ಹೇಳುತ್ತಲೇ ಕಿಟಕಿಯಾಚೆ ಕತ್ತು ಚಾಚಿ ಒಂದೊಂದು ತಿರುವನ್ನೂ ನೋಡುತ್ತಿದ್ದೆ. ರಸ್ತೆ ತೊಯ್ದು ಕಪ್ಪಗೆ ಹೊಳೆಯುತ್ತಿತ್ತು. ಮಳೆಯಲ್ಲಿ ನೆನೆದ ಬ್ರೇಕ್ ರಬ್ಬರು ರಿಮ್ಮನ್ನು ಹಿಡಿಯುವುದಿಲ್ಲವೆಂದು ಇವರೇ ಒಮ್ಮೆ ನನಗೆ ಪಾಠದಂತೆ ವಿವರಿಸಿದ್ದರು. ಬೇಡವಾದ ಪಾಠಗಳು ಬೇಡವಾದ ಹೊತ್ತಿನಲ್ಲೇ ನೆನಪಾಗುತ್ತವೆ.

ಒಂದು ಕಡಿದಾದ ತಿರುವಿನಲ್ಲಿ, ಸುಣ್ಣ ಬಳಿದ ಕಲ್ಲುಗಳ ಸಾಲಿನ ಪಕ್ಕ, ಒಂದು ಚಪ್ಪಲಿ ಬಿದ್ದಿತ್ತು. ಬಸ್ಸು ಅದನ್ನು ಒರಸಿಕೊಂಡಂತೆ ಮುಂದೆ ಸಾಗಿತು. ಹಿಮ್ಮಡಿಗೆ ಕಪ್ಪು ರಬ್ಬರಿನ ಪಟ್ಟಿ, ಸೊಟ್ಟ ಹೊಲಿಗೆ. ಇಷ್ಟೂ ಕಂಡದ್ದು ಕಣ್ಣು ಮಿಟುಕಿಸುವಷ್ಟರಲ್ಲಿ.

"ಅತ್ತೆ, ಅವರ ಚಪ್ಪಲಿ," ಎಂದೆ.

ಅತ್ತೆ ಒಂದನ್ನೂ ಕೇಳಲಿಲ್ಲ. ಕಂಬಿ ಹಿಡಿದು ಎದ್ದು ನಿಂತು ಬಸ್ಸು ನಿಲ್ಲಿಸಲು ಹೇಳಿದರು. ಕಂಡಕ್ಟರು ಹತ್ತಿರ ಬಂದು, ಒಂದು ಚಪ್ಪಲಿಗೋಸ್ಕರ ಇಳಿಜಾರಿನಲ್ಲಿ ಬಸ್ಸು ನಿಲ್ಲಿಸಲು ಆಗುತ್ತದೇನಮ್ಮ ಎಂದ. ಅತ್ತೆ ಅವನ ಮುಖವನ್ನೇ ನೋಡಿದರು. ಕಾಣುತ್ತಿತ್ತೋ ಇಲ್ಲವೋ.

"ಆ ಚಪ್ಪಲಿ ನನ್ನ ಮಗಂದು ಕಣಪ್ಪಾ," ಎಂದರು.

ಕಂಡಕ್ಟರು ಆ ಕ್ಷಣವೇ ಸೀಟಿ ಊದಿದ. ಆದರೆ ತೊಯ್ದ ಇಳಿಜಾರಿನಲ್ಲಿ ತುಂಬಿದ ಬಸ್ಸನ್ನು ತಟ್ಟನೆ ನಿಲ್ಲಿಸುವಂತಿರಲಿಲ್ಲ. ಡ್ರೈವರು ಇನ್ನೊಂದು ತಿರುವು ಇಳಿಸಿ, ಸ್ವಲ್ಪ ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿಸಿದ. ನಾವು ಇಳಿದು ವಾಪಸ್ಸು ಹತ್ತತೊಡಗಿದೆವು. ಕಂಡಕ್ಟರು, ನಾಲ್ಕಾರು ಗಂಡಸರು, ಚಿಕ್ಕಬಳ್ಳಾಪುರದ ಕಡೆಯ ತೆಲುಗು ಮಾತಿನ ಒಬ್ಬ ಅಜ್ಜ ಜೊತೆಗೆ ಬಂದರು. ಅತ್ತೆಯನ್ನು ಬಸ್ಸಿನಲ್ಲೇ ಕೂರಿ ಎಂದರೆ ಕೇಳಲಿಲ್ಲ. ನನ್ನ ಭುಜ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡು, ಮತ್ತೆ ನನ್ನನ್ನೇ ಮುಂದಕ್ಕೆ ದಬ್ಬುತ್ತಿದ್ದರು.

ಚಪ್ಪಲಿ ಸಿಕ್ಕಿತು. ಅದರ ಪಕ್ಕ ಮಣ್ಣು ಗೀಚಿಕೊಂಡು ಹೋದ ಗುರುತು ಕಲ್ಲುಗಳ ನಡುವೆ ಹಾದು ಅಂಚಿನಲ್ಲಿ ಮುಗಿದಿತ್ತು. ಕೆಳಗೆ ಮಂಜು. ಮಂಜಿನ ಕೆಳಗೆ ಏನಿದೆಯೋ, ಎಷ್ಟು ಆಳವೋ, ಒಂದೂ ತಿಳಿಯದು.

ಅತ್ತೆ ಕೂಗಿದರು. ಎರಡನೆಯ ಸಲಕ್ಕೇ ಕೆಮ್ಮು ಹತ್ತಿ ದನಿ ಒಡೆದುಹೋಯಿತು. ಕಂಡಕ್ಟರು ಸಾರ್, ಸಾರ್ ಎಂದು ಕೂಗಿದ. ಅತ್ತೆ ನನ್ನ ತೋಳು ಹಿಡಿದು ಅಂಚಿಗೆ ತಿರುಗಿಸಿದರು.

"ನೀನು ಕೂಗು."

ನಾನು "ರೀ" ಎಂದೆ. ಅದು ಅಡುಗೆಮನೆಯಿಂದ ಜಗಲಿಗೆ ಕೇಳಿಸುವ ದನಿ. ಈಗ ನೆನೆದರೆ ನಗು ಬರುತ್ತದೆ. ರೀ ಎಂದರೆ ಆ ಬೆಟ್ಟದಲ್ಲಿದ್ದ ಯಾವ ಗಂಡಸು ಬೇಕಾದರೂ ಓಗೊಡಬಹುದಿತ್ತು.

"ಹೆಸರು ಹಿಡ್ದು ಕೂಗೇ. ಅವನಿಗೆ ಹೆಸರಿಲ್ವಾ?" ಎಂದರು ಅತ್ತೆ.

ಈಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಎನ್ನುವ ಮಾತು ಕೇಳಿಯೇ ಬೆಳೆದವಳು ನಾನು. ಮನೆದುಂಬಿಸಿಕೊಂಡ ದಿನ ಹೆಂಗಸರೆಲ್ಲ ಬಲವಂತ ಮಾಡಿ ಒಮ್ಮೆ ಹೇಳಿಸಿದ್ದರು, ಅದೂ ಪಿಸುದನಿಯಲ್ಲಿ. ಆ ಕಟ್ಟುಪಾಡನ್ನು ಎಲ್ಲರಿಗಿಂತ ಬಿಗಿಯಾಗಿ ನಡೆಸುತ್ತಿದ್ದವರು ಇದೇ ಅತ್ತೆ. ಆಯಸ್ಸು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲದ ಜಾಗದಲ್ಲಿ ನಿಂತು ನಾನು ಬಾಯಿಬಿಟ್ಟೆ.

"ನಾರಾಯಣಸ್ವಾಮೀ..."

ನನ್ನ ಎದೆಯಲ್ಲಿ ಅಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಬೆಟ್ಟದ ಬಂಡೆಗಳು ಅದನ್ನು ಇನ್ನೊಂದು ಸಲ ಕೂಗಿದವು. ಆ ತೆಲುಗಿನ ಅಜ್ಜ ನಾನು ದೇವರನ್ನು ಕರೆಯುತ್ತಿದ್ದೇನೆಂದು ತಿಳಿದು, ಕೈಮುಗಿದು ತಾನೂ ನಾರಾಯಣ, ನಾರಾಯಣ ಎನ್ನತೊಡಗಿದ. ಯಾರೂ ಅವನನ್ನು ತಿದ್ದಲಿಲ್ಲ. ನಾನು ಮತ್ತೆ ಕೂಗಿದೆ. ಮತ್ತೆ ಕೂಗಿದೆ. ಮಂಜು ಅಲ್ಲಾಡಲಿಲ್ಲ. ಅತ್ತೆಯ ಉಗುರುಗಳು ನನ್ನ ತೋಳಿಗೆ ಇಳಿಯುತ್ತಿದ್ದವು. ನೋವು ಗೊತ್ತಾದದ್ದು ಮನೆಗೆ ಬಂದ ಮೇಲೆ.

ಆಮೇಲೆ ಕೆಳಗೆಲ್ಲೋ ಟ್ರಿಣ್ ಎಂದಿತು. ತುಸು ತಡೆದು, ಮತ್ತೆ ಟ್ರಿಣ್. ಸೈಕಲ್ಲಿನ ಗಂಟೆ.

ಬಸ್ಸಿನ ಮೇಲೆ ಸಾಮಾನು ಕಟ್ಟುವ ಹಗ್ಗ ತಂದು ಗಂಡಸರು ಇಳಿದರು. ನಾನು ಹಗ್ಗಕ್ಕೆ ಕಾಯಲಿಲ್ಲ. ಕೂತುಕೊಂಡೇ ಜಾರಿದೆ. ಹರಕೆಗೆಂದು ಉಟ್ಟಿದ್ದ ಸೀರೆ ಮುಳ್ಳಿಗೆ ಪರಪರ ಹರಿಯಿತು. ಲಂಟಾನದ ದೊಡ್ಡ ಪೊದೆಯೊಂದು ಇವರನ್ನು ಹಿಡಿದುಕೊಂಡಿತ್ತು. ಅದರಾಚೆ ಬರೀ ಬಂಡೆ. ಸೈಕಲ್ಲು ಎದೆಯ ಮೇಲೆ ಬಿದ್ದಿತ್ತು. ಒಂದು ಕಾಲು ಮೊಣಕಾಲಿನ ಕೆಳಗೆ ಮಡಚಬಾರದ ಕಡೆಗೆ ಮಡಚಿತ್ತು. ಹಣೆಯಿಂದ ರಕ್ತ. ಹೆಬ್ಬೆರಳು ಮಾತ್ರ ಇನ್ನೂ ಗಂಟೆಯ ಮೇಲೇ ಇತ್ತು. ನನ್ನ ಮುಖ ಕಂಡು ತುಟಿ ಅಲ್ಲಾಡಿಸಿದರು. ನಾನು ಕಿವಿ ಹತ್ತಿರ ತಂದೆ.

"ಅಮ್ಮನಿಗೆ ಹೇಳ್ಬೇಡ."

"ಅಮ್ಮ ಮೇಲೇ ನಿಂತಿದಾರೆ," ಎಂದೆ. ಕಣ್ಣು ಮುಚ್ಚಿಕೊಂಡರು.

ಮೇಲೆತ್ತಿ ಬಸ್ಸಿನ ಉದ್ದ ಸೀಟಿನ ಮೇಲೆ ಮಲಗಿಸಿದರು. ನಡುವೆ ಇಳಿಯಬೇಕಾದವರು ಯಾರೂ ಇಳಿಯುತ್ತೇವೆ ಎನ್ನಲಿಲ್ಲ. ಬಸ್ಸು ನೇರ ದೇವನಹಳ್ಳಿಯ ಆಸ್ಪತ್ರೆಯ ಬಾಗಿಲಿಗೇ ಬಂತು. ಅಲ್ಲಿ ಗಾಯಗಳಿಗೆ ಟಿಂಚರು ಹಚ್ಚಿ, ಕಾಲಿಗೆ ಪಟ್ಟಿ ಕಟ್ಟಿ ಬೆಂಗಳೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಇವರ ತಲೆ ನನ್ನ ತೊಡೆಯ ಮೇಲಿತ್ತು. ಮಾತು ನಿಂತರೆ ಉಸಿರೂ ನಿಲ್ಲುತ್ತದೆಂದು ಯಾರೋ ಹೇಳಿದ್ದರಿಂದ ನಾನು ಮಗ್ಗಿ ಕೇಳುತ್ತಾ ಹೋದೆ. ಹದಿನೇಳರ ಮಗ್ಗಿಯಲ್ಲಿ ಒಂದು ಕಡೆ ತಪ್ಪಿದರು. ಮೇಷ್ಟ್ರು ಮಗ್ಗಿ ತಪ್ಪಿದರಲ್ಲ ಎಂದು ನಾನು ಅತ್ತದ್ದು ಆಗ.

ಕಾಲು ಕೂಡಿಕೊಂಡಿತು, ತುಸು ಗಿಡ್ಡವಾಗಿ. ಸೈಕಲ್ಲು ಮಾರಿಬಿಡೋಣ ಎಂದು ನಾನು ಪಟ್ಟುಹಿಡಿದಾಗ ಬೇಡವೆಂದವರು ಅತ್ತೆ. ಆ ಗಂಟೆ ಇಲ್ಲದಿದ್ದರೆ ನನ್ನ ಮಗ ಸಿಗುತ್ತಿದ್ದನೇ ಎನ್ನುವುದು ಅವರ ವಾದ. ಚಕ್ರ ನೇರ ಮಾಡಿಸಿ ತಂದರು. ಪ್ಲಾಸ್ಟರು ಬಿಚ್ಚಿ ಎಷ್ಟೋ ತಿಂಗಳ ಮೇಲೆ ಒಂದು ಬೆಳಗ್ಗೆ ಸೈಕಲ್ಲೂ ಇರಲಿಲ್ಲ, ಇವರೂ ಇರಲಿಲ್ಲ. ವಾಪಸ್ಸು ಬರುವವರೆಗೆ ನಾನು ಹೇಗಿದ್ದೆ ಎಂಬುದನ್ನು ಬರೆಯಲಾರೆ. ಅತ್ತೆ ಹೋಗಿ ಬಹಳ ವರ್ಷಗಳಾದವು. ಇವರು ನಿವೃತ್ತರಾಗಿ, ಮಗ ದೇವನಹಳ್ಳಿಯಲ್ಲಿ ಮನೆ ಕಟ್ಟಿ ನಾವೆಲ್ಲ ಇಲ್ಲಿಗೆ ಬಂದದ್ದೂ ಹಳೆಯ ಮಾತಾಯಿತು. ಆ ದಿನದ ವಿಷಯ ನಾವಿಬ್ಬರೂ ಎಂದೂ ಎತ್ತಿದ್ದಿಲ್ಲ. ಸಲಿಗೆ ಇರಲಿಲ್ಲವೆಂದಲ್ಲ, ಎತ್ತಲು ಇಬ್ಬರಿಗೂ ಭಯ.

ಹೋದ ವಾರ ಆ ಹುಡುಗಿ ಬಿದ್ದ ದಿನದ ಸಂಜೆ, ವರಾಂಡದಲ್ಲಿ ಕೂತಿದ್ದವರು ತಾವಾಗಿಯೇ ಶುರುಮಾಡಿದರು.

"ಅವತ್ತು ನಿಮ್ಮ ಬಸ್ಸು ನನ್ನ ತಲೆ ಮೇಲೇ ಹೋಯ್ತು. ಸದ್ದು ಕೇಳಿಸ್ತಿತ್ತು. ಕೂಗೋಣ ಅಂದ್ರೆ ದನಿ ಬರ್ಲಿಲ್ಲ. ಆಮೇಲೆ ಕೆಳಗಡೆ ರಸ್ತೇಲೂ ಹೋಯ್ತು. ಆಮೇಲೆ ಸದ್ದೇ ಇಲ್ಲ. ಸರಿ, ಇಷ್ಟೇ ಅಂದ್ಕೊಂಡೆ."

ಸದ್ದು ನಿಂತದ್ದು ಬಸ್ಸು ದೂರವಾದದ್ದಕ್ಕಲ್ಲ, ನಿಂತದ್ದಕ್ಕೆ. ಅದು ಕೆಳಗೆ ಬಿದ್ದಿದ್ದವರಿಗೆ ಹೇಗೆ ತಿಳಿಯಬೇಕು? ನನ್ನ ಕೂಗು ಕೇಳುವವರೆಗೆ ಇವರು ಹಾಗೆಯೇ ಮಲಗಿದ್ದರು, ಎಲ್ಲ ಮುಗಿಯಿತೆಂದುಕೊಂಡು. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಇನ್ನೂ ಆ ಬಸ್ಸಲ್ಲೇ ಕೂತಿರ್ತಿದ್ದೆ."

ನಾನು ಅದರಿಂದ ಎಂದೋ ಇಳಿದಿದ್ದೇನೆಂದು ಇವರಿಗೆ ಯಾರು ಹೇಳಿದರೋ. ಹಾಗೆಂದೇ ಕೇಳಿದೆ. ಇವರು ತಿರುಗಿ ನನ್ನನ್ನು ನೋಡಿದರು. ನಾನು ಹೇಳಲು ತೊಡಗಿದೆ. ಕಿಟಕಿ, ತೊಯ್ದ ರಸ್ತೆ, ಸುಣ್ಣದ ಕಲ್ಲು, ಅತ್ತೆಯ ಉಗುರು, ಆ ಅಂಚಿನಲ್ಲಿ ನಿಂತಾಗ ಮನಸ್ಸಿಗೆ ಬಂದದ್ದು, ಅದಾದ ಮೇಲೆ ಪ್ರತಿ ರಜೆಯ ದಿನವೂ ಬಂದದ್ದು. ಯಾವ ಲೆಕ್ಕವನ್ನೂ ಅಷ್ಟು ಹೊತ್ತು ಸುಮ್ಮನೆ ಕೇಳುವ ಮನುಷ್ಯರಲ್ಲ ಇವರು. ಅಂದು ಕೇಳಿದರು. ಯಾವಾಗಲೋ ಇವರ ಕೈ ಬಂದು ನನ್ನ ಕೈಮೇಲೆ ಕೂತಿತ್ತು.

ಕತ್ತಲಾದದ್ದು ನಮಗೆ ತಿಳಿಯಲಿಲ್ಲ. ಸೊಸೆ ಬಂದು ದೀಪ ಹಾಕಿ, ನನ್ನ ಕಣ್ಣು ನೋಡಿ ಗಾಬರಿಯಾಗಿ, ಏನಾಯಿತು ಮಾವ ಎಂದು ಕೇಳಿದಳು.

"ಏನಿಲ್ಲ ಕಣಮ್ಮ," ಎಂದರು ಇವರು. "ಬಸ್ ಇಳೀತಿದೀವಿ."