ದೇವರನ್ನು ನೆಲಕ್ಕಿಳಿಸಿದ ಕಾಕಾ

ಕಾಕಾನ ಬಲ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಜಡ್ಡು ಇತ್ತು. ನೊಗ ಹೊತ್ತು ಹೊತ್ತು ಎತ್ತಿನ ಕುತ್ತಿಗೆ ಕಪ್ಪಾಗಿ ಗಟ್ಟಿಯಾಗುತ್ತದಲ್ಲ, ಹಾಗೆ. ಬೇಸಿಗೆಯ ಸಂಜೆ ಅಂಗಿ ಕಳಚಿ ಕಟ್ಟೆಯ ಮೇಲೆ ಕೂತಾಗ ಅದು ಎದ್ದು ಕಾಣುತ್ತಿತ್ತು. ನೋಯುವುದಿಲ್ಲವೇ ಎಂದು ಕೇಳಿದರೆ, "ದೇವರ ಕುಂಡ್ರೂ ಜಾಗಾ ಅದು. ನೋಯತೈತೇನ ಹುಚ್ಚಿ?" ಎಂದು ನಗುತ್ತಿದ್ದ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಮಸಗುಪ್ಪಿ ದಾಟಿ ಇನ್ನೂ ಒಳಗೆ ಹೋದರೆ ಸಿಗುವ ನಮ್ಮ ಊರಿನಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಪ್ಪ ತೀರಿಕೊಂಡ ಮೇಲೆ ಆ ಗೋಡೆಯ ಆಚೆಯಿಂದ ಕೇಳುತ್ತಿದ್ದ ಅವನ ಕೆಮ್ಮೇ ನನಗೂ ಅವ್ವನಿಗೂ ಧೈರ್ಯ. ಅವನು ಕುರಿ ಕಾಯುತ್ತಿದ್ದ. ಹೊಳೆದಂಡೆಯಲ್ಲಿ ಒಂದಿಷ್ಟು ಹೊಲವೂ ಇತ್ತು. ಕುರಿಗಳಿಗೆ 'ರಿ' ಹಚ್ಚಿ ಮಾತಾಡುವ ಮನುಷ್ಯ. "ಬರ್ರಿ, ಬರ್ರಿ, ಹಿಂಗ ಬರ್ರಿ" ಎಂದು ಅವುಗಳನ್ನು ಮರ್ಯಾದೆಯಿಂದ ಕರೆಯುವವನು ಹೆಂಡತಿಯನ್ನು ಮಾತ್ರ "ಏ, ಎಲ್ಲದೀ?" ಎನ್ನುತ್ತಿದ್ದ. ಇದ್ಯಾವ ನ್ಯಾಯ ಎಂದು ಜಗಳ ತೆಗೆದರೆ, "ಕುರಿ ನನ್ನ ಮಾತ ಕೇಳ್ತಾವ" ಎಂದು ಬಶಿಯಲ್ಲಿದ್ದ ಚಹಾ ಸೊರ್ರನೆ ಎಳೆಯುತ್ತಿದ್ದ. ಒಳಗಿನಿಂದ ಕಾಕಿ ಪಾತ್ರೆ ಕುಕ್ಕುತ್ತಿದ್ದಳು.

ಆ ಜಡ್ಡಿನ ಕಥೆ ಹೇಳಬೇಕಾದರೆ ನಮ್ಮೂರ ಬೀರಪ್ಪನ ಪಲ್ಲಕ್ಕಿಯ ಕಥೆ ಹೇಳಬೇಕು. ಹಬ್ಬಕ್ಕೆ ತೆಗೆಯುವ ದೊಡ್ಡ ಪಲ್ಲಕ್ಕಿ ಬೇರೆ. ಇದು ಪ್ರಶ್ನೆ ಕೇಳುವ ಪಲ್ಲಕ್ಕಿ, ಚಿಕ್ಕದು. ಉದ್ದನೆಯ ಮರದ ದಂಡಿಗೆಗೆ ಹೆಗಲು ಕೊಟ್ಟು ಮುಂದೆ ಒಬ್ಬ, ಹಿಂದೆ ಒಬ್ಬ ಹೊರುವುದು. ಊರಿಗೆ ಕೇಡು ಬಂದಾಗ ದೇವರ ಬೆಳ್ಳಿ ಮುಖವನ್ನು ಅದರಲ್ಲಿಟ್ಟು, ಅರಿಶಿನದ ಭಂಡಾರ ಹಾರಿಸಿ, ಯಾರು ಕಾರಣ ತೋರಿಸಪ್ಪಾ ಎಂದು ಬೇಡಿಕೊಳ್ಳುತ್ತಾರೆ. ಹೊತ್ತವರು ತಾವಾಗಿ ನಡೆಯಬಾರದು, ದೇವರು ಎಳೆದತ್ತ ಹೋಗಬೇಕು. ಯಾರ ಹೊಸ್ತಿಲ ಮುಂದೆ ನಿಲ್ಲುತ್ತದೋ ಅವರೇ ತಪ್ಪಿತಸ್ಥರು. ಅದರ ಮೇಲೆ ಅಪೀಲಿಲ್ಲ.

ಮುಂದಿನ ಹೆಗಲು ಕಾಕಾನದು. ಹಿಂದಿನದು ಗುಡಿಯ ಹಿರಿಯರದು. ಹಿರಿಯರೆಂದರೆ ಅವರೊಬ್ಬರೇ, ಊರಿಗೆ ದೊಡ್ಡವರು, ಮೆತ್ತಗೆ ಮಾತಾಡುವವರು, ಗುಡಿಯ ಕಡೆ ತಿರುಗಿ ಕೈಮುಗಿಯದೆ ಒಂದು ತುತ್ತೂ ಎತ್ತದವರು. ಕಾಕಾನಿಗೆ ಹುಡುಗತನದಲ್ಲಿ ಪಲ್ಲಕ್ಕಿ ಹೊರಲು ಕಲಿಸಿದ್ದೇ ಅವರು. ಅವರ ಹೆಸರೆತ್ತುವಾಗ ಕಾಕಾ ಕೂತಿದ್ದರೆ ನೆಟ್ಟಗಾಗುತ್ತಿದ್ದ. ಪಲ್ಲಕ್ಕಿ ಏಳುವ ದಿನ ಹೊಳೆಯಲ್ಲಿ ಮುಳುಗಿ ಬಂದು, ಒದ್ದೆ ಧೋತರದಲ್ಲೇ, ಯಾರೊಡನೆಯೂ ಮಾತಿಲ್ಲದೆ ಗುಡಿಗೆ ಹೋಗುತ್ತಿದ್ದ. "ಅಂವ ಬಂದ ಕುಂತ ಮ್ಯಾಲೆ ಭಾರನ ಇರಂಗಿಲ್ಲ ನೋಡ. ಕಾಲ ತಾವ ನಡೀತಾವು" ಎಂದು ಆಮೇಲೆ ನನಗೆ ಹೇಳುತ್ತಿದ್ದ. ಹಾಗೆ ಹೇಳುವಾಗಿನ ಅವನ ಮುಖ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಯಾವುದನ್ನೂ ಅಷ್ಟು ನಂಬಿದವಳಲ್ಲ.

ನಾನು ಗೋಕಾಕದಲ್ಲಿ ಕಾಲೇಜು ಓದುತ್ತಿದ್ದ ವರ್ಷ ಗರ್ಭಗುಡಿಯ ಬೀರಪ್ಪನ ಬೆಳ್ಳಿ ಕಣ್ಣುಗಳು ಕಾಣೆಯಾದವು. ಗುಡಿಯ ಅಂಗಳ ಗುಡಿಸಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ನಮ್ಮವ್ವ. ಗಂಡಸಿಲ್ಲದ ಮನೆ, ಕೇಳುವವರಿಲ್ಲ. ಊರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ನಲ್ಲಿಯ ಹತ್ತಿರ ಅವ್ವ ಬಂದರೆ ಮಾತು ನಿಲ್ಲುತ್ತಿತ್ತು. ಮುಂದಿನ ಐತವಾರ ಮಧ್ಯಾಹ್ನ ಪಲ್ಲಕ್ಕಿ ಎತ್ತಿದರು.

ನಾನು ಮನೆಯಲ್ಲೇ ಇದ್ದೆ. ಡೊಳ್ಳಿನ ಸಪ್ಪಳ ಒಂದೊಂದೇ ಓಣಿ ದಾಟಿ ಹತ್ತಿರವಾಯಿತು. ನಮ್ಮ ಓಣಿಯ ಮೂಲೆಯಲ್ಲಿ ಪಲ್ಲಕ್ಕಿ ನಿಂತಿತು, ಹಿಂದಕ್ಕೆ ಸರಿಯಿತು, ಆಮೇಲೆ ಎಡಕ್ಕೆ ತಿರುಗಿ ನೇರ ನಮ್ಮ ಬಾಗಿಲಿಗೆ ಬಂತು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಹೊಸ್ತಿಲಲ್ಲಿ ನಿಂತಳು. ಡೊಳ್ಳು ನಿಂತಿತು. ಹಿರಿಯರು ತಮ್ಮ ಮೆತ್ತಗಿನ ದನಿಯಲ್ಲಿ, "ದೇವರ ತಾನ ಬಂದಾನವ್ವಾ. ಇನ್ನ ನಾವೇನ ಹೇಳೂದೈತಿ?" ಎಂದರು. ನಾನು ಕಿರುಚಿದೆ, ಏನೆಂದು ಕಿರುಚಿದೆನೋ ನೆನಪಿಲ್ಲ.

ಕಾಕಾ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಕಣ್ಣು ತೆರೆದು ಅವ್ವನನ್ನು ನೋಡಿದ. ಆಮೇಲೆ ಮೊಣಕಾಲು ಬಗ್ಗಿಸಿ, ಹೆಗಲ ಮೇಲಿನ ದಂಡಿಗೆಯನ್ನು ನೆಲಕ್ಕಿಟ್ಟುಬಿಟ್ಟ. ಹೊತ್ತವನು ಗುಡಿ ಮುಟ್ಟುವ ಮುಂಚೆ ಹೆಗಲು ತಪ್ಪಿಸಿದ್ದು ನಮ್ಮೂರಲ್ಲಿ ಕೇಳಿಯೂ ಇರದ ಸಂಗತಿ. ಹಿಂಭಾಗ ಹಿರಿಯರ ಹೆಗಲ ಮೇಲೇ ಉಳಿದದ್ದರಿಂದ ಪಲ್ಲಕ್ಕಿ ಮುಂದಕ್ಕೆ ವಾಲಿತು. ಬೆಳ್ಳಿ ಮುಖ ಜಾರಿ, ಉರುಳಿ, ನಮ್ಮ ಬಚ್ಚಲ ನೀರು ಹರಿಯುವ ಗಟಾರಿಗೆ ಬಿತ್ತು.

"ದೇವರ ಬಂದಿಲ್ಲ" ಎಂದ ಕಾಕಾ. "ಎಡಕ್ಕ ತಿರಗು, ಎಡಕ್ಕ ತಿರಗು ಅಂತ ಹಿಂದಿಂದ ಹೇಳಾಕತ್ತಿದ್ರಿ ನೀವು. ದಂಡಿಗಿ ನೂಕಿದವರೂ ನೀವ. ದೇವರಿಗೆ ನೀವ ದಾರಿ ತೋರಸೂದಂದ್ರ ಅಂವ ಎಂಥಾ ದೇವರ್ರಿ?"

ಹಿರಿಯರು ಗಟಾರಿಗೆ ಕೈಹಾಕಿ ಮುಖವನ್ನು ಎತ್ತಿಕೊಂಡರು, ತಮ್ಮ ಶಲ್ಯದಿಂದ ಒರೆಸಿದರು, ಎದೆಗೊತ್ತಿಕೊಂಡು ಗೊಳೋ ಎಂದು ಅತ್ತರು. ಅದನ್ನು ನೋಡಿ ಊರೇ ಅತ್ತಿತು. ಆ ಅಳು ಸುಳ್ಳಾಗಿರಲಿಲ್ಲ ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ, ನನಗೆ ಹೆದರಿಕೆಯಾಗುವುದೂ ಅದಕ್ಕೇ.

ಅವತ್ತಿನಿಂದ ಊರು ಬೆಳ್ಳಿ ಕಣ್ಣು ಮರೆಯಿತು. ದೇವರನ್ನು ಕೆಡವಿದವನೊಬ್ಬನೇ ನೆನಪಿನಲ್ಲಿ ಉಳಿದ. ಹಿರಿಯರು ತಾವೇ ಹೊಸ ಕಣ್ಣು ಮಾಡಿಸಿ ಹಾಕಿಸಿದರು. ಎಂಥ ಭಕ್ತಿ ಎಂದು ಜನ ಹೊಗಳಿದರು. ಹಳೆಯವನ್ನು ಕದ್ದದ್ದು ಅವರ ಕಿರಿ ಮಗನೇ ಎಂಬುದು ವರ್ಷ ತುಂಬುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಗೊತ್ತಾದದ್ದನ್ನು ಯಾರೂ ಆಡಲಿಲ್ಲ. ಅವ್ವನನ್ನು ಮತ್ತೆ ಯಾರೂ ಏನೂ ಅನ್ನಲಿಲ್ಲ, ಅವಳು ಎಂದಿನಂತೆ ಗುಡಿಯ ಅಂಗಳ ಗುಡಿಸುತ್ತಲೇ ಇದ್ದಳು. ಕಾಕಾನಿಗೆ ಮಾತ್ರ ಮದುವೆಯ ಆಮಂತ್ರಣಗಳು ನಿಂತವು. ಗಿರಣಿಯಲ್ಲಿ ಅವನ ಜೋಳ ಎಲ್ಲರದೂ ಆದ ಮೇಲೆ ಬೀಸುತ್ತಿದ್ದರು. ಒಮ್ಮೆ ಅವ್ವ ಅವನ ಕಾಲಿಗೆ ಬೀಳಲು ಹೋದಾಗ ಸಿಟ್ಟಿಗೆದ್ದು, "ಕಾಲಿಗೆ ಬೀಳೂದ ಕಲಿಸೇ ನಾವು ಕೆಟ್ಟೀವಿ" ಎಂದು ಬಾಗಿಲು ಹಾಕಿಕೊಂಡ.

ಅವನು ಗುಡಿಗೆ ಹೋಗುವುದನ್ನು ಬಿಟ್ಟ. ಬಹಿಷ್ಕಾರದ ಸಿಟ್ಟು ಎಂದು ನಾನು ಬಹಳ ದಿನ ತಿಳಿದಿದ್ದೆ. ಅದು ಸಿಟ್ಟಲ್ಲ. ಡೊಳ್ಳು ಬಾರಿಸುವ ದಿನ ಅವನು ಊರಲ್ಲಿ ನಿಲ್ಲುತ್ತಿರಲಿಲ್ಲ. ಗೋಕಾಕ ಬಸ್‌ಸ್ಟ್ಯಾಂಡಿಗೆ ಹೋಗಿ ಸಂಜೆ ತನಕ ಬರುವ ಹೋಗುವ ಬಸ್ಸು ನೋಡುತ್ತ ಕೂಡುತ್ತಿದ್ದ. ಒಮ್ಮೆ ನಾನೇ ಅಲ್ಲಿ ಅವನನ್ನು ಕಂಡು ಪಕ್ಕದಲ್ಲಿ ಕೂತೆ. ನನ್ನ ಮುಖ ನೋಡದೆಯೇ ಹೇಳಿದ: "ಆವತ್ತ ನೂಕಿದವರು ಅವರು. ಹಂಗಾದ್ರ ಇಷ್ಟ ವರ್ಷ ನನ್ನ ನಡಸಿದಾಂವ ಯಾರು?" ನಾನು ಓದಿದವಳು, ಏನಾದರೂ ಹೇಳಿಯೇನೆಂದು ಕಾಯ್ದ. ಅವನ ಪಕ್ಕದಲ್ಲಿ ಕೂತು ಅಳುವುದಷ್ಟೇ ನನ್ನಿಂದ ಆಯಿತು.

ಮುಂದೆ ನನಗೆ ಹುಕ್ಕೇರಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಊರಿಗೆ ಬಂದಾಗೆಲ್ಲ, "ಏನ್ ಕಲಸಾಕತ್ತೀರಿ ಅಕ್ಕೋರ?" ಎಂದು ಕಾಕಾ ಚೇಷ್ಟೆ ಮಾಡುತ್ತಿದ್ದ. ಮೊನ್ನಿನ ಬೇಸಿಗೆಯಲ್ಲಿ ಕೇಳಿದಾಗ ತರಗತಿಯಲ್ಲಿ ಆಗಷ್ಟೇ ಮುಗಿಸಿದ್ದ ಒಂದು ಹಳೆಯ ಕಾಲದ ಅಮೆರಿಕದ ಕಥೆ ಹೇಳಿದೆ. ಧರ್ಮವನ್ನು ಬಹಳ ಬಿಗಿಯಾಗಿ ಹಿಡಿದ ಒಂದು ಊರು. ಒಬ್ಬ ಹೆಂಗಸನ್ನು ಮಾಟಗಾತಿ ಎಂದು ಊರಾಚೆ ಅಟ್ಟುತ್ತಾರೆ. ಅಟ್ಟಿದವರಲ್ಲಿ ಒಬ್ಬ ತರುಣನಿಗೆ ಆಮೇಲೆ ಗುರುಗಳ ಕಪಟ ತಿಳಿಯುತ್ತದೆ. ನಂಬಿಕೆ ಸತ್ತು, ನಗುವುದನ್ನೇ ಮರೆತು, ಹಾಗೇ ಮುದುಕನಾಗಿ ಸಾಯುತ್ತಾನೆ. ಇದು ನಿನ್ನದೇ ಕಥೆ ಕಾಕಾ ಎನ್ನಬೇಕೆಂದು ಬಾಯಿಗೆ ಬಂದಿತ್ತು.

ಕಾಕಾ ಕೇಳಿದ: "ಆ ಹೆಣಮಗಳ ಏನಾದಳು?"

"ಅದು ಕಥೆಯಲ್ಲಿ ಬರೋದಿಲ್ಲ ಕಾಕಾ."

"ಯಾರೂ ಹುಡುಕಿಕೊಂಡ ಹೋಗಲಿಲ್ಲ?"

"ಇಲ್ಲ. ಕಥೆ ಅವನದು."

"ಅವಂದ್ಯಾಕ? ಮನಿ ಬಿಟ್ಟಾಕಿ ಆಕಿ" ಎಂದ. ಆಮೇಲೆ ತಲೆ ತಗ್ಗಿಸಿ, ನನಗೆ ಗೊತ್ತೇ ಇರದಿದ್ದ ಒಂದು ಸಂಗತಿ ಹೇಳಿದ. ನಾನು ಹುಟ್ಟುವ ಮುಂಚೆ ಊರಲ್ಲಿ ಬೇನೆ ಬಂದು ಕುರಿಗಳು ಸತ್ತಿದ್ದವು. ಪಲ್ಲಕ್ಕಿ ಎತ್ತಿದಾಗ ಅದು ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬ ಸೊಸೆಯ ಬಾಗಿಲಲ್ಲಿ ನಿಂತಿತು. ಅವಳ ಕಣ್ಣು ಕೆಟ್ಟದ್ದು ಎಂದು ತವರಿಗೆ ಅಟ್ಟಿದರು, ಗಂಡನ ಮನೆಯವರು ಮತ್ತೆ ಕರೆಯಲೇ ಇಲ್ಲ. "ಆವತ್ತೂ ಬೆನ್ನಿಗೆ ಹಂಗ ನೂಕಿದಂಗಾಗಿತ್ತು. ದೇವರಂತ ತಿಳದಿದ್ದೆ" ಎಂದ. ಅವಳ ತವರು ಸಂಕೇಶ್ವರ. "ನನ್ನ ಕರಕೊಂಡ ಹೋಗತೀಯೇನ?" ಎಂದು ಕೇಳಿದ. ಜೀವಮಾನದಲ್ಲಿ ಅವನು ನನ್ನನ್ನು ಕೇಳಿದ್ದು ಅದೊಂದೇ.

ಸಂಕೇಶ್ವರದ ಹೊಳೆಯ ಕಡೆಯ ಓಣಿಯಲ್ಲಿ, ತನ್ನ ತಮ್ಮನ ಮನೆಯ ಪಡಸಾಲೆಯಲ್ಲಿ ಅವಳು ಕೆಂಪು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಊರ ಹೆಸರು ಹೇಳಿದ ಕೂಡಲೇ ಸೆರಗು ತಲೆಗೆಳೆದುಕೊಂಡು, "ಬೀರಪ್ಪ ಹೆಂಗದಾನ್ರಿ?" ಎಂದಳು. ಅವನ ಹೆಸರಿನಲ್ಲಿ ಐತವಾರ ಉಪ್ಪು ಬಿಟ್ಟಿದ್ದಾಳಂತೆ, ಅಂದಿನಿಂದಲೂ. "ಏನ ತಪ್ಪ ಮಾಡಿದ್ನೋ ನನಗ ತಿಳೀಲಿಲ್ಲ. ಆದ್ರ ದೇವರ ಸುಮ್‌ಸುಮ್ನ ಬಾಗಲಕ ಬರ್ತಾನೇನ್ರಿ? ಏನರ ಮಾಡಿರಬೇಕು. ಮಾಫ್ ಮಾಡಪಾ ಅಂತ ದಿನಾ ಅವನ ಮುಂದ ಅಳತೇನಿ."

ಕಾಕಾ ಅವಳೆದುರು ನೆಲದ ಮೇಲೆ ಕೂತ. "ದೇವರ ಬಂದಿದ್ದಿಲ್ಲಬೇ ಯವ್ವಾ" ಎಂದ. "ನಾವ್ ಬಂದಿದ್ವಿ."

ಅವಳಿಗೆ ಮೊದಲು ತಿಳಿಯಲಿಲ್ಲ. ಅವನು ಎಲ್ಲವನ್ನೂ ಹೇಳಿದ, ಹಿಂದಿನಿಂದ ನೂಕಿದ್ದು, ನಮ್ಮ ಮನೆಯ ಮುಂದೆ ನಡೆದದ್ದು, ಹಿರಿಯರ ಮಗನ ಸುದ್ದಿ. ಅವಳ ಕಣ್ಣಿಂದ ನೀರಿಳಿಯಿತು. ಮೆಣಸಿನಕಾಯಿಯ ಕೈ, ಒರೆಸಿಕೊಳ್ಳುವಂತಿರಲಿಲ್ಲ. ಕಡೆಗೆ ಬಹಳ ಸಣ್ಣ ದನಿಯಲ್ಲಿ, "ಹಂಗಾದ್ರ ಇಷ್ಟ ವರ್ಷ ನಾ ಯಾರ ಮುಂದ ಅತ್ತೆ?" ಎಂದಳು. ಅವಳು ಗೋಡೆಗೆ ಮುಖ ತಿರುಗಿಸಿ, "ಹೋಗ್ರಿ ಇನ್ನ" ಎಂದಳು.

ಊರಿಗೆ ಬಂದ ಮೇಲೆ ಅವನ ಊಟ ಕಡಿಮೆಯಾಯಿತು. ನಿನ್ನಿಂದ ಅವ್ವನ ಮಾನ ಉಳಿಯಿತು ಕಾಕಾ, ಅದನ್ನು ನೆನೆಸಿಕೋ ಎಂದು ನಾನು ಸಮಾಧಾನ ಹೇಳಲು ಹೋದೆ. "ಒಬ್ಬಾಕಿ ಮಾನಾ ಉಳಿಸಿದೆ ಅಂತಿ. ಇನ್ನೊಬ್ಬಾಕಿಗೆ ಇದ್ದದ್ದೊಂದ ದೇವರು, ಅವನ್ನೂ ಕಸಗೊಂಡ ಬಂದೆನಲ್ಲ, ಅದಕ್ಕೇನಂತಿ?" ಎಂದ. ಅವ್ವನ ಕಡೆ ಕೈ ತೋರಿಸಿ, "ಆಕಿಗೆ ಏನೂ ಹೇಳಬ್ಯಾಡ. ದೀಪಾ ಹಚ್ಚಲಿ ಪಾಪ" ಎಂದ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಕುರಿ ಬಿಡಲು ಎದ್ದವನು ಹಟ್ಟಿಯ ಬಾಗಿಲಲ್ಲೇ ಕುಸಿದು ತೀರಿಕೊಂಡ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅಂಗಳದಲ್ಲಿ ಜನ ಕೂತಿದ್ದರು. ಗುಡಿಯ ಹಿರಿಯರೂ ಬಂದಿದ್ದರು. ಸತ್ತವನ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ ಕುರ್ಚಿ ಹಾಕಿಸಿಕೊಂಡಿದ್ದರು. ಅಷ್ಟರಲ್ಲಿ ಒಬ್ಬ ಮುದುಕಿ ಕೋಲೂರಿಕೊಂಡು ಮನೆ ಕೇಳುತ್ತ ಬಂದಳು. ಸಂಕೇಶ್ವರದವಳು. ಅವಳಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ, ತಾನಾಗಿ ಹೊರಟು ಬಂದಿದ್ದಳು. ಜನರನ್ನು ನೋಡಿ, ಅಳುತ್ತಿದ್ದ ಕಾಕಿಯನ್ನು ನೋಡಿ, ತಾನೇ ತಿಳಿದುಕೊಂಡಳು.

"ಯಾರ ಈಕಿ?" ಎಂದರು ಹಿರಿಯರು.

"ಗುರ್ತ ಹತ್ತಲಿಲ್ಲೇನ್ರಿ?" ಎಂದಳು ಅವಳು. "ನೀವು ದೇವರನ್ನ ನೂಕ್ಕೊಂಡ ಬಂದಿದ್ರಲ್ಲಾ, ಆ ಮನಿ ಸೊಸಿ. ನಾ ಏನೂ ತಪ್ಪ ಮಾಡಿದ್ದಿಲ್ರಿ."

ಹಿರಿಯರು ಕುರ್ಚಿಯ ಕೈ ಹಿಡಿದು ಕೂತೇ ಇದ್ದರು. ಅವಳು ನನ್ನ ಕಡೆ ತಿರುಗಿ, "ಇದನ್ನ ಅವಂಗ ಹೇಳಬೇಕಂತ ಬಂದಿದ್ದೆ. ನನಗ ತಿಳಿಯಾಕ ಇಷ್ಟ ದಿನಾ ಹತ್ತಿತವ್ವಾ" ಎಂದಳು. ಅವ್ವ ಎದ್ದು ಅವಳ ಕೈಹಿಡಿದು ನಮ್ಮ ಮನೆಯೊಳಗೆ ಕರೆದುಕೊಂಡು ಹೋದಳು. ನಾನು ಅಂಗಳದಲ್ಲೇ ನಿಂತುಬಿಟ್ಟೆ. ಆ ಮಾತು ಕಿವಿಗೆ ಬಿದ್ದಿದ್ದರೆ ಕಾಕಾ ನೆಮ್ಮದಿಯಿಂದ ಹೋಗುತ್ತಿದ್ದ. ಮೂರು ದಿನ ತಡವಾಯಿತು.