ಬೋರಗಾಂವದಿಂದ ಕುಡಚಿಗೆ, ಸಂಜುವಿನ ಕಡೇ ಆಟಕ್ಕೆ

ಏಳಕ್ಕೆ ಬರಬೇಕಾದ ಚಿಕ್ಕೋಡಿ ಬಸ್ಸು ಬೋರಗಾಂವಕ್ಕೆ ಬಂದದ್ದು ಏಳೂವರೆಗೆ. 2013ರ ಡಿಸೆಂಬರ್, ಹಲ್ಲು ಕಟಕಟ ಎನ್ನುವ ಚಳಿ. ನನ್ನ ಜೊತೆಗಿದ್ದವರು ಬಾಬುಕಾಕಾ, ಮೂವತ್ತು ವರ್ಷದಿಂದ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವರು. ಅಂದು ಊರಿಗೆ ಕರೆಂಟು ತೆಗೆಯುವ ದಿನ, ಮಗ್ಗಗಳೆಲ್ಲ ಬಂದ್. ಇಲ್ಲದಿದ್ದರೆ ಆ ಮನುಷ್ಯನನ್ನು ಶೆಡ್ಡಿನಿಂದ ಹೊರಗೆಳೆಯುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ.

ನಾವು ಹೊರಟದ್ದು ಅವರ ಮಗ ಸಂಜುವಿನ ಫುಟ್‌ಬಾಲ್ ಪಂದ್ಯಕ್ಕೆ. ಊರ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದ ನನ್ನ ಕೈಯಲ್ಲೇ ಅವನು ಆಟ ಕಲಿತದ್ದು. ಹದಿನಾರಕ್ಕೆ ಕೊಲ್ಹಾಪುರದ ತಂಡ ಸೇರಿದ, ಅಲ್ಲಿಂದ ಪುಣೆ, ಆಮೇಲೆ ಗೋವಾದಲ್ಲಿ ಸಂಬಳದ ಆಟಗಾರನಾದ. ಅವನ ಜಾಗ ಮೈದಾನದ ನಡುವೆ, ಮಿಡ್‌ಫೀಲ್ಡರ್. ಮೊಣಕಾಲಿಗೆ ಎರಡನೇ ಆಪರೇಷನ್ ಆದ ಮೇಲೆ ಕ್ಲಬ್ಬಿನವರು ಕೈಬಿಟ್ಟರು. ಹಿಂದಿನ ವಾರ ನನಗೆ ಫೋನ್ ಮಾಡಿದ್ದ.

"ಸರ್, ಕುಡಚ್ಯಾಗ ಒಂದ ಮ್ಯಾಚ್ ಆಡಿ ಆಟಾನ ಬಿಟ್ಟಬಿಡಾಂವ. ಅಪ್ಪ ನನ್ನ ಆಟ ಒಮ್ಮೆನೂ ನೋಡಿಲ್ರಿ. ಹೆಂಗರ ಮಾಡಿ ಕರ್ಕೊಂಡ ಬರ್ರಿ."

ಕರೆದುಕೊಂಡು ಬರುತ್ತೇನೆಂದು ಮಾತು ಕೊಟ್ಟೆ.

ಬಸ್ಸಿನಲ್ಲಿ ಕಾಕಾ ತಮ್ಮ ದೂರು ತೆಗೆದರು. "ಹನ್ನೆರಡ ವರ್ಷಾತ್ರಿ ಮಾಸ್ತರ್. ಫೋನ್ ಮಾಡಿದಾಗೊಮ್ಮೆ ಗೋಲ ಎಷ್ಟ ಹೊಡದಿ ಅಂತ ಕೇಳತೀನಿ. ಇಲ್ಲಪ್ಪಾ ಅಂತಾನ. ಗೋಲ ಹೊಡೀಲಾರದವಗ ಪಗಾರ ಯಾಕ ಕೊಟ್ರು ಅವರು?"

ಮಗ್ಗದ ಸದ್ದಿಗೆ ಅವರ ಕಿವಿ ಮಂದವಾಗಿದೆ. ನಾನು ಮಿಡ್‌ಫೀಲ್ಡರ್ ಎಂದರೇನು ಎಂದು ಕೂಗಿ ಕೂಗಿ ತಿಳಿಸಿದೆ. ಕಾಕಾನಿಗೆ ತಿಳಿಯಲಿಲ್ಲ, ಕಂಡಕ್ಟರಿಗೆ ಮಾತ್ರ ಪೂರ್ತಿ ತಿಳಿಯಿತು.

ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಬಿಸಿ ಮಿರ್ಚಿ ಭಜಿ, ಚಹಾ. ರಾಯಬಾಗದ ಬಸ್ಸಿನಲ್ಲಿ ಕಡೇ ಸೀಟು ಸಿಕ್ಕಿತು, ನನ್ನ ಸೊಂಟದ ಕಥೆ ಕೇಳಬೇಡಿ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡೇ ಹೋದೆವು. ರಾಯಬಾಗದಿಂದ ಕುಡಚಿಗೆ ಮೂರು ಗಾಲಿಯ ಟಂಟಂ. ತಲೆಗೆ ಇಪ್ಪತ್ತು ರೂಪಾಯಿ, ಒಳಗೆ ಹನ್ನೊಂದು ತಲೆ.

"ಕಿವಿ ಹಿಂಗಾದ್ರ ಕೆಲಸಕ್ಕ ತೊಂದರಿ ಆಗೂದಿಲ್ಲೇನ್ರಿ?" ಎಂದು ಕೂಗಿ ಕೇಳಿದೆ.

"ಕಿವಿ ಹೋದ್ರೂ ನಡೀತೈತ್ರಿ, ಕುತ್ತಿಗಿ ಹೋಗಬಾರದು" ಎಂದರು ಕಾಕಾ. "ಒಬ್ಬವಗ ನಾಕ ಮಗ್ಗ. ಎರಡ ಮುಂದ, ಎರಡ ಬೆನ್ನಿಗೆ. ಮುಂದಿನ ಮಗ್ಗಕ್ಕ ಕೈ ಹಾಕೂ ಮೊದಲ ಹಿಂದಿನವನ್ನ ಹೊಳ್ಳಿ ನೋಡಬೇಕು. ನಾಕೂ ಮಗ್ಗ ನಡದಾವು ಅಂತ ಮಾಲಕ ಅಂದ್ರ ಮುಗೀತು, ಅದಕಿಂತ ದೊಡ್ಡ ಶಾಬಾಸಕಿ ನಮ್ಮಾಗ ಇಲ್ಲ." ಆಮೇಲೆ ಸೇರಿಸಿದರು. "ಸಂಜೂಗೂ ಕಲಿಸಿದ್ದೆ. ದಿನಾ ಸಾಲಿ ಬಿಟ್ಟ ಮ್ಯಾಲೆ ಬಂದ ನನ್ನ ಮಗ್ಗದಾಗ ನಿಲ್ಲತಿದ್ದ. ಎಲ್ಲಾ ದಂಡ ಆತು."

ಕುಡಚಿ ಮೈದಾನದ ಸುತ್ತ ಜನವೋ ಜನ. ಸಂಜು ಕುಡಚಿ ತಂಡದಲ್ಲಿ, ಎದುರಾಳಿ ಮಿರಜದ ತಂಡ. ನಮ್ಮ ಕಡೆ ಒಂದು ಪದ್ಧತಿಯಿದೆ. ಗೋಲು ಹೊಡೆದವನ ಹೆಸರನ್ನು ಮೈಕಿನಲ್ಲಿ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೂಗಿ, ಆಟ ಮುಗಿದ ಮೇಲೆ ತಲೆಗೆ ಕೇಸರಿ ಫೇಟಾ ಸುತ್ತುತ್ತಾರೆ. ಬೇರೆಯವರನ್ನು ಯಾರೂ ಕೇಳುವುದಿಲ್ಲ.

ಕಾಕಾ ಚೆಂಡಿನ ಹಿಂದೆಯೇ ಕಣ್ಣು ಓಡಿಸಿ ಅರ್ಧ ಆಟಕ್ಕೆ ಸುಸ್ತಾದರು. "ಏನ್ರಿ ಇದು! ಚೆಂಡ ಬಂತು ಅನ್ನೂದ್ರಾಗ ಮಂದೀಗೆ ಕೊಟ್ಟಬಿಡತಾನ. ನಮ್ಮಾಂವ ಆಡಿದ್ದರ ಏನು?"

ನನಗೆ ಸಿಟ್ಟೇ ಬಂತು. "ಕಾಕಾ, ಚೆಂಡ ಬಿಡ್ರಿ. ನಿಮ್ಮ ಮಗನ ಕುತ್ತಿಗಿ ಅಷ್ಟ ನೋಡ್ರಿ!"

ಆಟ ಮತ್ತೆ ಶುರುವಾಯಿತು. ಸಂಜು ಕುಂಟುತ್ತಿದ್ದ, ಆದರೆ ಚೆಂಡು ಇನ್ನೂ ದೂರವಿದ್ದಾಗಲೇ ಬಲ ಹೆಗಲ ಮೇಲಿಂದ ಒಮ್ಮೆ, ಎಡ ಹೆಗಲ ಮೇಲಿಂದ ಒಮ್ಮೆ ಹೊರಳಿ ನೋಡುತ್ತಿದ್ದ. ಚೆಂಡು ಕಾಲಿಗೆ ಬಂದಾಗ ಬೆನ್ನ ಹಿಂದೆ ಯಾರು ಎಲ್ಲಿದ್ದಾರೆ ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ಪ್ರತಿ ಸಲವೂ ಅದೇ. ಬಲಕ್ಕೊಮ್ಮೆ, ಎಡಕ್ಕೊಮ್ಮೆ.

ಕಾಕಾ ನನ್ನ ತೋಳು ಹಿಡಿದರು. "ಮಾಸ್ತರ್... ಅವಾ ನಮ್ಮ ಶೆಡ್ಡಿನ್ಯಾಗ ನಿಂತಂಗ ನಿಂತಾನಲ್ರಿ."

ಆಮೇಲೆ ಅವರು ಚೆಂಡಿನತ್ತ ನೋಡಲೇ ಇಲ್ಲ. ಮಗ ಹೊರಳಿದಾಗಲೆಲ್ಲ ಅವರ ಕುತ್ತಿಗೆಯೂ ಹೊರಳುತ್ತಿತ್ತು. ಕೊನೆಗೆ ಸಂಜು, ತಿರುಗದೆಯೇ, ಹಿಂದಿನಿಂದ ಓಡಿಬಂದ ಹುಡುಗನಿಗೆ ಚೆಂಡು ತಳ್ಳಿದ. ಆ ಹುಡುಗ ಗೋಲು ಹೊಡೆದ. ಮೈಕು ಎರಡೂ ಭಾಷೆಯಲ್ಲಿ ಅವನ ಹೆಸರು ಕೂಗಿತು, ಫೇಟಾ ಅವನ ತಲೆಗೇ ಹೋಯಿತು. ಸಂಜು ಒಂದು ಮೂಲೆಯಲ್ಲಿ ಕೂತು ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದ. ಹನ್ನೆರಡು ವರ್ಷದ ಆಟ ಅಷ್ಟಕ್ಕೇ ಮುಗಿದಿತ್ತು.

ಸಂಜೆ ಐದಕ್ಕೆ ಅವನೇ ನಮ್ಮನ್ನು ಬಸ್ಸಿಗೆ ಹತ್ತಿಸಲು ಬಂದ. ಅಪ್ಪ ಮಗ ಚಹಾ ಕುಡಿದರು, ಕಬ್ಬಿನ ಮಾತಾಡಿದರು, ಚಳಿಯ ಮಾತಾಡಿದರು. ಬಸ್ಸು ಹೊರಡುವ ಹೊತ್ತಿಗೆ ಸಂಜು ಕಿಟಕಿಯ ಹತ್ತಿರ ಬಂದು, ನಗಲು ಯತ್ನಿಸುತ್ತ ಜೋರಾಗಿ ಕೇಳಿದ.

"ಯಾಕಪ್ಪಾ, ಇವತ್ತ ಗೋಲ ಎಷ್ಟ ಹೊಡದಿ ಅಂತ ಕೇಳಲಿಲ್ಲಾ?"

ಕಾಕಾ ಕಿಟಕಿಯಿಂದ ಕೈ ಹೊರಗೆ ಹಾಕಿ ಮಗನ ಕುತ್ತಿಗೆ ಸವರಿದರು.

"ನಾಕೂ ಮಗ್ಗ ನಡದಿದ್ದುವಲ್ಲೋ ಮಗನ" ಎಂದರು.

ಬಸ್ಸು ಹೊರಟಿತು. ಹೊರಳಿ ನೋಡಿದೆ. ಎಷ್ಟೋ ಸಾವಿರ ಜನರ ಮುಂದೆ ಆಡಿದ ಆ ಗಂಡಸು, ಸ್ಟ್ಯಾಂಡಿನ ನಡುವೆ ನಿಂತು ಮುಖಕ್ಕೆ ಟವೆಲ್ ಒತ್ತಿಕೊಂಡಿದ್ದ.