ಹನಿಯ ಅಂಚಿನ ಕೆಂಪು

ಗೋಪನಕೊಪ್ಪದ ಸತ್ಯವ್ವನಿಗೆ ಡಾ. ಗುರುಪಾದರ ಬಗ್ಗೆ ಇದ್ದ ತಾತ್ಸಾರ ಹತ್ತೊಂಬತ್ತು ವರ್ಷ ಹಳೆಯದು. ಧಾರವಾಡದ ಅವರ ಪ್ರಯೋಗಾಲಯದಲ್ಲಿ ಅವಳು ಸಹಾಯಕಿ. ಎಳ್ಳಿಗಿಂತ ಸಣ್ಣ, ಗಾಜಿನಂಥ ಹುಳುಗಳನ್ನು ಸಾಕುವುದು, ತಂತಿಯ ತುದಿಯಿಂದ ಒಂದೊಂದನ್ನೇ ಎತ್ತಿ ಹೊಸ ತಟ್ಟೆಗೆ ಬಿಡುವುದು ಅವಳ ಕೆಲಸ. ಅದೇ ಹುಳುವಿನ ಮೇಲೆ ಊರೂರು ಸುತ್ತಿ ಭಾಷಣ ಬಿಗಿಯುವ ಗುರುಪಾದರು ಒಂದನ್ನೂ ಕೈಯಾರೆ ಎತ್ತಿದವರಲ್ಲ.

ಹುಳುವಿನ ಮೊಟ್ಟೆ, ವೀರ್ಯಗಳಿಗೆ ಮೂಲವಾದ ಜೀವಕೋಶಗಳಲ್ಲಿ ಸಣ್ಣ ಹನಿಗಳಿರುತ್ತವೆ. ಸುತ್ತ ಪೊರೆಯಿಲ್ಲ, ಆದರೂ ಕೆಲವು ಪ್ರೋಟೀನುಗಳು ಅಲ್ಲೇ ಗುಂಪುಗೂಡುತ್ತವೆ. "ಪೊರಿ ಇಲ್ಲಂದ್ರ ಒಳಗ ಎಲ್ಲಾ ಕಲಬೆರಕಿ, ಸಾರಿನ್ಹಂಗ," ಎಂದು ಗುರುಪಾದರು ಪಾಠ ಹೇಳುತ್ತಿದ್ದರು. ಸಾರನ್ನೂ ಮಾಡಿ ಗೊತ್ತಿಲ್ಲದ ಮನುಷ್ಯ, ಎಂದುಕೊಳ್ಳುತ್ತಿದ್ದಳು ಸತ್ಯವ್ವ. ಒಗ್ಗರಣೆಯ ಎಣ್ಣೆ ಎಲ್ಲಿ ನಿಲ್ಲುತ್ತದೆಂದು ನೋಡಿದ್ದರೆ ಸಾಕಿತ್ತು.

ಸಂಶೋಧನಾ ವಿದ್ಯಾರ್ಥಿನಿ ಮಾಯಾ ಆ ಹನಿಗಳ ಎರಡು ಪ್ರೋಟೀನುಗಳಲ್ಲಿ ಒಂದು ಹಸಿರಾಗಿ, ಇನ್ನೊಂದು ಕೆಂಪಾಗಿ ಹೊಳೆಯುವಂತೆ ಮಾಡಿದ್ದಳು. ಸತ್ಯವ್ವ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಚಿತ್ರ ತೆಗೆದಳು. ಹಸಿರು ಹನಿಯ ತುಂಬ ಇತ್ತು. ಕೆಂಪು ಮಾತ್ರ ಅಂಚಿನಲ್ಲಷ್ಟೇ ಚುಕ್ಕೆ ಚುಕ್ಕೆಯಾಗಿ ಕೂತಿತ್ತು. ಹನ್ನೊಂದು ಹುಳು ನೋಡಿದಳು; ಹನ್ನೊಂದರಲ್ಲೂ ಹಾಗೆಯೇ.

"ಸರ್, ಕೆಂಪ ಅಂಚಿನ ಮ್ಯಾಲಷ್ಟ ಐತ್ರಿ."

ಗುರುಪಾದರು ಕುರ್ಚಿಯಿಂದ ಏಳಲಿಲ್ಲ. "ನಿನಗ ಫೋಕಸ್ ಮಾಡಾಕ ಬರಂಗಿಲ್ಲ. ಅಳಿಸಿ ಹಾಕು, ಕಂಪ್ಯೂಟರ್‌ನ್ಯಾಗ ಜಾಗಾ ಇಲ್ಲ."

ಮಾಯಾಳ ಕಣ್ಣು ತುಂಬಿತು. ಸತ್ಯವ್ವ ಅವರೆದುರಿಗೇ ಅಳಿಸಿದಳು. ವಾದಕ್ಕಿಳಿಯಲು ಎದುರಿನವನಿಗೆ ಅಷ್ಟಾದರೂ ಯೋಗ್ಯತೆ ಬೇಕು ಎಂಬುದು ಅವಳ ಮತ.

ವರ್ಷದ ಮೇಲೆ ವಿದೇಶದ ಯಾರೋ ಆ ಅಂಚಿನ ಕೆಂಪನ್ನೇ ಕಂಡು ಅಚ್ಚು ಹಾಕಿಸಿದರು. ಗುರುಪಾದರು ಪತ್ರಿಕೆ ಹಿಡಿದು ಓಡಿಬಂದರು. "ಸತ್ಯವ್ವಾ, ಆ ಚಿತ್ರಾ ಎಲ್ಲೆದಾವು?"

"ನೀವ ಅಳಿಸಂದ್ರೆಲ್ರಿ. ಅಳಿಸೇನಿ."

"ಮತ್ತ ತಗಿ, ಲಗೂ."

ಸತ್ಯವ್ವ ತಂತಿಯನ್ನು ಅವರ ಕೈಗಿಟ್ಟಳು. "ಹುಳಾ ಅಲ್ಲೇ ಅದಾವ್ರಿ. ನೀವ ತಗೀರಿ. ನನಗ ಫೋಕಸ್ ಬರಂಗಿಲ್ಲ."

ಮೊದಲ ಚುಚ್ಚಿಗೆ ಹುಳುಗಳಿದ್ದ ತಟ್ಟೆಯ ಜೆಲ್ಲಿ ಸೀಳಿತು. ಎರಡನೆಯದಕ್ಕೆ ಹುಳು ಎರಡಾಯಿತು. ಮೂರನೆಯದಕ್ಕೆ ಹುಳುವೇ ಸಿಗಲಿಲ್ಲ. ಮಾಯಾ ನಗು ಮುಚ್ಚಿಕೊಳ್ಳಲು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಅರ್ಧ ತಾಸಿನ ಮೇಲೆ ಗುರುಪಾದರಿಗೆ ಯಾವುದೋ ಮೀಟಿಂಗ್ ನೆನಪಾಯಿತು.

ಅವರು ಹೋದ ಮೇಲೆ ಸತ್ಯವ್ವ ಹೊಸದಾಗಿ ಚಿತ್ರ ತೆಗೆದಳು, ಮಾಯಾಳ ಪ್ರಬಂಧಕ್ಕೆಂದು. ಪ್ರತಿ ಚಿತ್ರದ ಕೆಳಗೆ ಮಾಯಾ ಸತ್ಯವ್ವನ ಹೆಸರು ಬರೆದಳು.

ಸತ್ತೂರಿನ ವಿಜ್ಞಾನಿಗಳ ಸಭೆಯಲ್ಲಿ ಗುರುಪಾದರು ಆ ಚಿತ್ರಗಳನ್ನೇ ತೋರಿಸಿ, "ನಾ ಮೊದಲಿಂದ ಇದನ್ನ ಹೇಳಾಕತ್ತೇನಿ," ಎಂದರು. ಹಿಂದಿನ ಸಾಲಿನಲ್ಲಿದ್ದ ಸತ್ಯವ್ವ ಎದ್ದಳು. "ಚಾ ಕುಡದ ಬರೂಣ ಬಾರವಾ," ಎಂದಳು ಪಕ್ಕದಲ್ಲಿದ್ದ ಮಾಯಾಳಿಗೆ, "ಇದು ಇನ್ನ ಭಾಳ ಹೊತ್ತೈತಿ."